ಜುಟ್ಟಿಲ್ಲದ ನಲವತ್ತನೆಯ ಕಾಯಿ

ಒಂದು ತಪ್ಪೊಪ್ಪಿಗೆಯಿಂದಲೇ ಶುರು ಮಾಡಿಬಿಡುತ್ತೇನೆ. ಮೂವತ್ತಾರು ವರ್ಷ ತುಂಬುವವರೆಗೆ ನಾನು ಯಾರ ಹತ್ತಿರವೂ “ನಿಮ್ಮನ್ನು ಒಂದು ಮಾತು ಕೇಳಬಹುದೇ?” ಎಂದು ಅಪ್ಪಣೆ ಬೇಡಿದವನಲ್ಲ. ಕೇಳಬೇಕಾದ್ದನ್ನು ಕೇಳಿಯೇಬಿಡುತ್ತಿದ್ದೆ. ಇದು ನನ್ನೊಬ್ಬನ ದುರ್ಗುಣವೇನಲ್ಲ, ನಮ್ಮ ಸೀಮೆಯ ನೀರಿನ ಗುಣ. ತಿಪಟೂರಿನಿಂದ ದಂಡಿನಶಿವರದ ಕಡೆ ಹೋಗುವ ಬಸ್ಸಿನಲ್ಲಿ ನೀವು ಕೂತಿದ್ದೀರಿ ಅನ್ನಿ. ಕಂಡಕ್ಟರು ನಿಮ್ಮ ಸೀಟಿನ ಹತ್ತಿರ ಬರುವಷ್ಟರಲ್ಲಿ ಪಕ್ಕದವರು ನಿಮ್ಮ ಊರು, ಕೆಲಸ, ಯಾವ ಜನ, ಮಕ್ಕಳೆಷ್ಟು, ಎರಡೇ ಯಾಕೆ, ಮೈದುನನಿಗೆ ಹೆಣ್ಣು ಗೊತ್ತಾಯಿತೇ, ಇಷ್ಟನ್ನೂ ಕೇಳಿ ಮುಗಿಸಿರುತ್ತಾರೆ. ಇಳಿಯುವ ಹೊತ್ತಿಗೆ ನಿಮ್ಮ ಮಂಡಿ ನೋವಿಗೆ ಯಾವ ಸೊಪ್ಪು ಕಟ್ಟಬೇಕೆಂಬುದೂ ತೀರ್ಮಾನವಾಗಿರುತ್ತದೆ. ಕೇಳಿದರೆಂದು ಇಲ್ಲಿ ಯಾರಿಗೂ ಬೇಸರವಿಲ್ಲ, ಕೇಳದಿದ್ದರೇ ಬೇಸರ. ಒಮ್ಮೆ ಹಲ್ಲುನೋವಿನಿಂದ ದವಡೆ ಊದಿಸಿಕೊಂಡು ಕೂತಿದ್ದ ನಾನು ಪಕ್ಕದ ಹಿರಿಯರನ್ನು ಏನೂ ಕೇಳಲಿಲ್ಲ. ಇಳಿಯುವಾಗ ಅವರು ನನ್ನ ಹೆಗಲು ಮುಟ್ಟಿ, “ಯಾಕಪ್ಪ, ನನ್ ಮ್ಯಾಲೇನಾದ್ರೂ ಸಿಟ್ಟಾ?” ಎಂದು ಕೇಳಿ, ಉತ್ತರಕ್ಕೂ ಕಾಯದೆ ಬೇಜಾರಿನಲ್ಲಿ ಇಳಿದು ಹೋದರು.

ಇಂಥ ನೀರು ಕುಡಿದು ಬೆಳೆದ ನಾನು ಎಂಬತ್ತರ ದಶಕದ ಮೊದಲಲ್ಲಿ ಪಿಎಚ್.ಡಿ. ಮಾಡಲು ಹೊರಟೆ. ಆಗ ತಿಪಟೂರಿನ ಕಾಲೇಜೊಂದರಲ್ಲಿ ಸಮಾಜಶಾಸ್ತ್ರ ಹೇಳಿಕೊಡುತ್ತಿದ್ದೆ. ಹತ್ತು ವರ್ಷದಿಂದ ಒಂದೇ ನೋಟ್ಸು. ಹಾಳೆ ಹಳದಿಯಾಗಿ, ಮಡಿಕೆಯ ಹತ್ತಿರ ಹರಿದು, ಹರಿದ ಜಾಗದಲ್ಲಿದ್ದ ನಾಲ್ಕು ವಾಕ್ಯಗಳನ್ನು ನಾನು ಪಾಠದಿಂದಲೇ ಕೈಬಿಟ್ಟಿದ್ದೆ, ಅದನ್ನು ಯಾವ ವಿದ್ಯಾರ್ಥಿಯೂ ಗಮನಿಸಿರಲಿಲ್ಲ. ಇದಕ್ಕೆ ಮೊದಲೊಮ್ಮೆ ಪಿಎಚ್.ಡಿ.ಗೆ ಹೆಸರು ಹಚ್ಚಿದ್ದುಂಟು. ವಿಷಯ ಯಾವುದೆಂದು ಯೋಚಿಸುವುದರಲ್ಲೇ ಅವಧಿ ಮುಗಿದು, ಹೆಸರು ಹೊಡೆದುಹಾಕಿಸಿಕೊಂಡು ಬಂದಿದ್ದೆ. ಇದು ಎರಡನೆಯ ಸಲ. ಮೂರನೆಯ ಸಲ ಸೇರಿಸಿಕೊಳ್ಳುವುದಿಲ್ಲವೆಂದು ವಿಶ್ವವಿದ್ಯಾನಿಲಯದ ನಿಯಮ. ಸ್ಟಾಫ್ ರೂಮಿನಲ್ಲಿ ದಿನಾ ಯಾರಾದರೊಬ್ಬರು “ಏನ್ರೀ, ಎಲ್ಲೀಗಂಟ ಬಂತು?” ಎನ್ನುತ್ತಿದ್ದರು. ಈ ಸಲ ಹೆಸರು ಹೋದರೆ ತಿಪಟೂರಿನ ಬೀದಿಯಲ್ಲಿ ತಲೆಯೆತ್ತಿ ಓಡಾಡುವಂತಿರಲಿಲ್ಲ.

ನನ್ನ ಗೈಡು ಆಗತಾನೆ ವಿದೇಶದಿಂದ ಬಂದವರು. ಕುರ್ಚಿಗೆ ಕಾಲು ತಾಗಿದರೆ ಕುರ್ಚಿಗೂ ಸಾರಿ ಹೇಳುವಷ್ಟು ಸಭ್ಯರು. ನನ್ನ ವಿಷಯ ಅವರಿಗೆ ಹಿಡಿಸಿತ್ತು: ‘ತೆಂಗು ಬೆಳೆಯುವ ಕುಟುಂಬಗಳಲ್ಲಿ ಕೊನೆಯ ಮಾತು ಯಾರದು?’ ನಲವತ್ತು ಮನೆಯ ಯಜಮಾನರನ್ನು ಕೇಳಿ ಬರೆದರಾಯಿತು, ಒಂದು ತಿಂಗಳ ಕೆಲಸ ಎಂದುಕೊಂಡಿದ್ದೆ. ಗೈಡು ಕನ್ನಡಕ ತೆಗೆದು ಮೆಲ್ಲಗೆ ಹೇಳಿದರು: “ಜನರನ್ನು ಪ್ರಶ್ನೆ ಕೇಳುವ ಮುಂಚೆ, ಪ್ರಶ್ನೆ ಕೇಳಬಹುದೇ ಎಂದು ಅವರ ಒಪ್ಪಿಗೆ ಕೇಳಬೇಕು.” ನಾನು ಸುಮ್ಮನಿರಲಾರದೆ, “ಒಪ್ಪಿಗೆ ಕೇಳುವುದೂ ಒಂದು ಪ್ರಶ್ನೆಯೇ ಅಲ್ಲವೇ ಸಾರ್? ಅದಕ್ಕೆ ಒಪ್ಪಿಗೆ ಬೇಡವೇ?” ಎಂದೆ. ಅವರು ನಗಲಿಲ್ಲ. ಡೈರಿ ತೆಗೆದು ಬರೆದುಕೊಂಡು, ಇದನ್ನು ಸಮಿತಿಯ ಮುಂದಿಡುತ್ತೇನೆ ಎಂದರು.

ಸಮಿತಿಯೆಂದರೆ ಅವರೇ ಹಟ ಹಿಡಿದು ಮಾಡಿಸಿದ್ದು. ಸಂಶೋಧಕರ ಕೈಯಿಂದ ಮನುಷ್ಯರಿಗೆ ತೊಂದರೆಯಾಗದಂತೆ ನೋಡಿಕೊಳ್ಳುವ ಸಮಿತಿ. ಅದರ ಕರಾರುಗಳು ಹೀಗಿದ್ದವು. ಯಾವ ಮನೆಯವರ ಹೆಸರನ್ನೂ ಬರೆಯಕೂಡದು, ನಂಬರು ಮಾತ್ರ. ಒತ್ತಡ ಹೇರಕೂಡದು, ಆಮಿಷ ಒಡ್ಡಕೂಡದು. ಒಪ್ಪಿದವರು ಯಾವಾಗ ಬೇಕಾದರೂ, ಕಾರಣ ಹೇಳದೆ, ಹಿಂದೆ ಸರಿಯಬಹುದೆಂದು ತಿಳಿಸಬೇಕು. ಮತ್ತು ಇದೆಲ್ಲಕ್ಕೂ ಪ್ರತಿ ಮನೆಯಿಂದ ಒಪ್ಪಿಗೆಯ ದಾಖಲೆ ತರಬೇಕು. ದಸರಾ ರಜ ಮುಗಿದ ವಾರ ಸಭೆ. ಅಷ್ಟರಲ್ಲಿ ನಲವತ್ತು ಒಪ್ಪಿಗೆ ಮೇಜಿನ ಮೇಲಿರದಿದ್ದರೆ ಹೆಸರು ಹೋಯಿತು. ಮನೆಗೆ ಬಂದು ಹೆಂಡತಿ ಸರ್ವಮಂಗಳನಿಗೆ ಇದನ್ನೆಲ್ಲ ವಿವರಿಸಿದೆ. ಅವಳು ರಾಗಿ ಹಸನು ಮಾಡುತ್ತಿದ್ದಳು. “ನಿಮ್ಮಿಂದ ಜನರನ್ನ ಕಾಪಾಡಾಕೆ ಒಂದು ಸಮಿತಿನೇ ಬೇಕಾಯ್ತಾ? ಹನ್ನೊಂದು ವರ್ಷದಿಂದ ನಾನೊಬ್ಳೇ ಆ ಕೆಲ್ಸ ಮಾಡ್ತಿಲ್ವಾ?” ಎಂದಳು.

ಒಪ್ಪಿಗೆ ಪತ್ರವನ್ನು ನಾನೇ ಕನ್ನಡದಲ್ಲಿ ಬರೆದು ಸೈಕ್ಲೋಸ್ಟೈಲ್ ಮಾಡಿಸಿದೆ. ಕನ್ನಡ ಎಂದರೆ, ನನ್ನ ಪಾಂಡಿತ್ಯವೆಲ್ಲ ಸೇರಿದ ಕನ್ನಡ. ‘ನಾನು ಸ್ವಸ್ಥಚಿತ್ತದಿಂದಲೂ ಸ್ವಇಚ್ಛೆಯಿಂದಲೂ’ ಎಂದು ಹೊರಟ ವಾಕ್ಯ ಹಾಳೆಯ ಕೊನೆಯವರೆಗೆ ಎಲ್ಲೂ ಉಸಿರು ಬಿಡುತ್ತಿರಲಿಲ್ಲ. ಅದರ ಐವತ್ತು ಪ್ರತಿ ಬಗಲಿಗೇರಿಸಿ, ಮಂಗಳನನ್ನೂ ಕರೆದುಕೊಂಡು, ದಸರಾ ರಜೆಗೆ ಅವಳ ತವರೂರಿಗೆ ಹೋದೆ. ದಂಡಿನಶಿವರದಿಂದ ಎರಡು ಮೈಲಿ ಒಳಗೆ. ಊರಿನ ಹೆಸರು ಕೇಳಬೇಡಿ, ಸಮಿತಿಗೆ ಮಾತು ಕೊಟ್ಟಿದ್ದೇನೆ. ಹೆಂಡತಿಯ ತವರೇ ಯಾಕೆಂದರೆ, ಅಲ್ಲಿ ನಾನು ಅಳಿಯ. ಅಳಿಯ ಕೇಳಿದ್ದಕ್ಕೆ ಯಾರು ಇಲ್ಲವೆನ್ನುತ್ತಾರೆ ಎಂಬ ಧೈರ್ಯ. ಇದೇ ಒಂದು ಬಗೆಯ ಒತ್ತಡವಲ್ಲವೇ ಎಂದು ನೀವು ಕೇಳಬಹುದು. ಸಮಿತಿಯವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಒಂದನೆಯ ನಂಬರಿನ ಮನೆ ಮಂಗಳನ ದೊಡ್ಡಪ್ಪನದು. ಜಗುಲಿಯ ಮೇಲೆ ಎಲೆಗೆ ಸುಣ್ಣ ಸವರುತ್ತ ಕೂತಿದ್ದರು. ನಿಯಮದ ಪ್ರಕಾರ ಪತ್ರ ಮೊದಲು, ಪ್ರಶ್ನೆ ಆಮೇಲೆ. ಆದರೆ ನಾನು ವಿಷಯ ಹೇಳುತ್ತಿದ್ದಂತೆಯೇ ದೊಡ್ಡಪ್ಪ ಶುರು ಮಾಡಿಬಿಟ್ಟರು. “ಕೊನೇ ಮಾತಾ? ಈ ಮನೇಲಿ ಇನ್ಯಾರ್ದು ಅಳೀಮಯ್ಯ, ನಂದೇ! ಕಾಯಿ ಯಾವತ್ತು ಕೆಡವಬೇಕು, ನಾನೇ ಹೇಳ್ಬೇಕು. ಎಮ್ಮೆ ಹಿಡೀಬೇಕೋ ಬ್ಯಾಡ್ವೋ, ನಾನೇ ಹೇಳ್ಬೇಕು. ಬೀಗರ ಮನೆಗೆ ಹೋಗ್ಬೇಕೋ ಬ್ಯಾಡ್ವೋ, ನಾನೇ. ನಾನು ಹೇಳಿದ್ ಮ್ಯಾಲೆ ಒಂದು ಹುಲ್ಲುಕಡ್ಡಿನೂ ಅಲ್ಲಾಡಂಗಿಲ್ಲ, ಬರ್ಕ.” ನಾನು ಸಂತೋಷದಿಂದ ಪ್ರಶ್ನೆಪಟ್ಟಿಯ ಹಾಳೆಯ ‘ಗಂಡ’ ಎಂಬ ಚೌಕದಲ್ಲಿ ಗುರುತು ಹಾಕಿಕೊಂಡು, ಒಪ್ಪಿಗೆ ಪತ್ರ ತೆಗೆದು ಓದಿದೆ. ದೊಡ್ಡಪ್ಪನ ಕೈಯಲ್ಲಿದ್ದ ಎಲೆ ಅಲ್ಲೇ ನಿಂತಿತು.

“ಏನೂ ಹಾನಿ ಆಗಲ್ಲ ಅಂತ ಯಾಕ್ ಬರ್ದೈತೆ?” ಎಂದರು. ಆಗುವುದಿಲ್ಲವಲ್ಲ, ಅದಕ್ಕೆ ಎಂದೆ. “ಆಗ್ದಿದ್ರೆ ಬರೀತಿರ್ಲಿಲ್ಲ. ಏನೋ ಐತೆ.” ನಾನು ಮುಂದಿನ ಸಾಲಿಗೆ ಹಾರಿದೆ. ಯಾವಾಗ ಬೇಕಾದರೂ ಹಿಂದೆ ಸರಿಯಬಹುದು ಎಂಬಲ್ಲಿ ಅವರ ಮುಖ ಕೆಂಪಾಯಿತು. “ಮಾತು ಕೊಟ್ಟು ಹಿಂದಕ್ ಸರಿಯೋ ವಂಶ ಅಂದ್ಕಂಡಾ ನಮ್ದು?” ಕೊನೆಗೆ ಸಹಿ ಎಂದೆ. ನಮ್ಮ ಕಡೆ ಬೇಕಾದವರು ಬೇಕಾದವರ ಹತ್ತಿರ ಸಹಿ ಕೇಳುವುದಿಲ್ಲ. ಕೇಳಿದರೆ ನಿನ್ನ ಬಾಯಿಮಾತನ್ನು ನಾನು ನಂಬುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳಿದ ಹಾಗೆ. ಅದು ನನಗೂ ಗೊತ್ತಿತ್ತು, ಆದರೂ ಕೈಯಲ್ಲಿ ಪೆನ್ನು ಹಿಡಿದು ಕೂತಿದ್ದೆ. ದೊಡ್ಡಪ್ಪ ಎಲೆಯನ್ನು ತಟ್ಟೆಗೆ ಹಾಕಿ ಎದ್ದು, “ಒಂದ್ಗಳಿಗೆ ಇರು, ಒಳಗೆ ಕೇಳ್ಕಂಡ್ ಬತ್ತೀನಿ” ಎಂದು ಹೋದರು.

ಹೋದವರು ಒಂದು ಕಾಫಿ ತಣ್ಣಗಾಗುವಷ್ಟು ಹೊತ್ತು ಬರಲಿಲ್ಲ. ಆಮೇಲೆ ಬಂದದ್ದು ದೊಡ್ಡಮ್ಮ, ಹಿಂದೆ ದೊಡ್ಡಪ್ಪ. ದೊಡ್ಡಮ್ಮನ ಕೈಯಲ್ಲಿ ಎರಡು ವೀಳ್ಯದೆಲೆ, ಒಂದು ಬಟ್ಟಲಡಿಕೆ, ಮತ್ತು ಜುಟ್ಟು ಬಿಟ್ಟು ಸುಲಿದ ದಪ್ಪನೆಯ ತೆಂಗಿನಕಾಯಿ. “ಸೈನು ಗೀನು ಏನೂ ಬ್ಯಾಡ ಬುಡು ಅಳೀಮಯ್ಯ. ನಮಗೆ ಒಪ್ಗೆ ಐತೆ. ಒಪ್ಗೆ ಐತೆ ಅಂದ್ರೆ ಕಾಯಿ ಕೊಡ್ತೀವಿ. ಮಂಗಳನ್ನ ನಿಂಗೆ ಕೊಟ್ಟಿದ್ದೂ ಕಾಯಲ್ಲೇ ಅಲ್ವಾ? ಅವತ್ತು ಯಾವ ಪೇಪರ್ ಕೇಳ್ದೆ ನೀನು?” ಎನ್ನುತ್ತ ಅದನ್ನು ಮಂಗಳನ ಸೆರಗಿಗೆ ಹಾಕಿ, ಹಣೆಗೆ ಕುಂಕುಮ ಇಟ್ಟರು. ದೊಡ್ಡಪ್ಪ ಹಿಂದಿನಿಂದ, “ಹೂಂ ಕಣಪ್ಪ, ನಂದೂ ಅದೇ ಮಾತು” ಎಂದರು.

ಸುದ್ದಿ ನಮಗಿಂತ ಮುಂಚೆ ಊರು ಸುತ್ತಿತು. ಎರಡನೆಯ ಮನೆಯಲ್ಲಿ ಪತ್ರ ತೆಗೆಯುವುದಕ್ಕೇ ಬಿಡಲಿಲ್ಲ. ಯಜಮಾನರು “ನಂದೇ ಕೊನೇ ಮಾತು” ಎಂದರು, ಗುರುತು ಹಾಕಿಕೊಂಡೆ, ಒಪ್ಪಿಗೆ ಎಂದೆ, “ಒಳಗೆ ಕೇಳ್ಕಂಡ್ ಬತ್ತೀನಿ” ಎಂದು ಹೋದರು, ಕಾಯಿ ಬಂತು. ಮೂರನೆಯ ಮನೆಯಲ್ಲೂ ಹಾಗೇ. ಒಂಬತ್ತನೆಯ ಮನೆಯ ಯಜಮಾನರು ಮೀಸೆ ತಿರುವಿ, ಹೆಂಗಸರ ಮಾತು ಕೇಳಿದ ಮನೆ ಮನೆಯೇ ಅಲ್ಲ ಎಂದು ಅರ್ಧ ಗಂಟೆ ಭಾಷಣ ಮಾಡಿ, ಆಮೇಲೆ ಒಳಗೆ ಕೇಳಲು ಹೋಗಿ, ಬಚ್ಚಲಲ್ಲಿದ್ದ ಹೆಂಡತಿ ಬರಲಿ ಎಂದು ಇನ್ನರ್ಧ ಗಂಟೆ ಬಚ್ಚಲ ಬಾಗಿಲಲ್ಲಿ ನಿಂತಿದ್ದರು. ನನಗೆ ಇದು ದೊಡ್ಡ ಕಿರಿಕಿರಿ. ಎಲ್ಲ ಮನೆಯಲ್ಲೂ ಹೀಗೆ ಒಳಗೆ ಹೋಗಿ ಹೊತ್ತು ಕಳೆದರೆ ನನ್ನ ಸಂಶೋಧನೆ ಮುಗಿಯುವುದು ಯಾವಾಗ ಎಂದು ಮಂಗಳನ ಹತ್ತಿರ ಗೊಣಗಿದೆ. ಅವಳು, “ನೀವು ಪಿಎಚ್.ಡಿ. ಮಾಡ್ತಿರೋದು ಯಾವ್ದರ ಮ್ಯಾಲೆ ಅಂದ್ರಿ?” ಎಂದು ಕೇಳಿದಳು. ಮರೆತಿದ್ದಾಳೆಂದು ನಾನು ಇನ್ನೊಮ್ಮೆ ವಿವರವಾಗಿ ಹೇಳಿದೆ.

ಒಪ್ಪದ ಮನೆಗಳೂ ಇದ್ದವು. ಆ ಮನೆಗಳಲ್ಲಿ ಇಲ್ಲವೆಂದು ಯಾರೂ ಹೇಳಲಿಲ್ಲ. ಕಾಫಿ ಕೊಟ್ಟರು, ಕುಂಕುಮ ಕೊಟ್ಟರು, ಕಾಯಿ ಕೊಡಲಿಲ್ಲ, ಅಷ್ಟೆ. ಅಂಥವು ಎಂಟು. ಸಂಶೋಧನೆಯಿಂದ ಯಾರಿಗೂ ಹಾನಿಯಾಗಬಾರದೆಂದು ಸಮಿತಿ ಹೇಳಿತ್ತು, ಸಂಶೋಧಕನ ಬಗ್ಗೆ ಏನೂ ಹೇಳಿರಲಿಲ್ಲ. ನಲವತ್ತೇಳು ಮನೆಯ ಬೆಲ್ಲದ ಕಾಫಿ, ಅದರ ಜೊತೆಗೆ ಚಕ್ಕುಲಿ, ಅಳಿಯನೆಂದು ಬಲವಂತದ ಹೋಳಿಗೆ, ಇವುಗಳಿಂದ ಎಂಟನೆಯ ದಿನ ನಾನು ಎದ್ದು ಕೂರಲಾರದೆ ಮಾವನ ಮನೆಯ ನಡುಮನೆಯಲ್ಲಿ ಮಲಗಿದ್ದೆ. ಊರಿನವರು ನೋಡಲು ಬಂದು, ಒಪ್ಪಿಗೆ ಕೇಳದೆಯೇ, ಹೊಟ್ಟೆಯ ವಿಚಾರವಾಗಿ ನೂರು ಪ್ರಶ್ನೆ ಕೇಳಿದರು.

ಸಹಿ ಸಿಗುತ್ತಿಲ್ಲ, ಬದಲಿಗೆ ಕಾಯಿ ಸಿಗುತ್ತಿದೆ ಎಂದು ಗೈಡಿಗೆ ಕಾಗದ ಬರೆದೆ. ‘ಕುತೂಹಲಕರ. ಸಮಿತಿಯ ಮುಂದೆ ಹಾಜರುಪಡಿಸಿ’ ಎಂದು ಉತ್ತರ ಬಂತು. ತಿಪಟೂರಿಗೆ ವಾಪಸು ಬಂದು ಎಣಿಸಿದರೆ ಮೂವತ್ತೊಂಬತ್ತು. ಒಂದು ಕಡಿಮೆ. ಸಭೆ ಮಾರನೆಯ ದಿನವೇ. ಅವತ್ತು ಮಂಗಳ ತಂಗಿಯ ಮಗುವಿನ ನಾಮಕರಣಕ್ಕೆಂದು ತುರುವೇಕೆರೆಗೆ ಹೋದವಳು ಬಂದಿರಲಿಲ್ಲ. ಸಭೆಯ ದಿನ ಬೆಳಿಗ್ಗೆ ಒಂದೊಂದು ಕಾಯಿಯ ಜುಟ್ಟಿಗೂ ನಂಬರಿನ ಚೀಟಿ ಕಟ್ಟುತ್ತ ಕೂತಿದ್ದಾಗ ನನಗೊಂದು ಯೋಚನೆ ಹೊಳೆಯಿತು. ಚಿಕ್ಕನಾಯಕನಹಳ್ಳಿಯ ಹತ್ತಿರ ನಮ್ಮಪ್ಪನ ತೋಟವಿದೆ, ಅಣ್ಣ ನೋಡಿಕೊಳ್ಳುತ್ತಾನೆ. ಅಂದಮೇಲೆ ನಮ್ಮದೂ ತೆಂಗು ಬೆಳೆಯುವ ಕುಟುಂಬವೇ. ನಲವತ್ತನೆಯ ಮನೆ ನನ್ನದೇ ಯಾಕಾಗಬಾರದು? ಹಾಳೆ ತೆಗೆದೆ. ಕೊನೆಯ ಮಾತು ಯಾರದು? ‘ಗಂಡ.’ ಗುರುತು ಹಾಕಿದೆ. ಒಪ್ಪಿಗೆಗೆ ಅಡಿಗೆಮನೆಗೆ ಹೋದೆ. ಅಲ್ಲಿದ್ದದ್ದು ಒಂದೇ ಕಾಯಿ, ಸಾರಿಗೆಂದು ಮಂಗಳ ಜುಟ್ಟು ಕಿತ್ತು ಇಟ್ಟಿದ್ದದ್ದು. ಜುಟ್ಟು ಕಿತ್ತ ಕಾಯಿಯನ್ನು ನಾವು ಯಾರಿಗೂ ಕೊಡುವುದಿಲ್ಲ, ಅದೇನಿದ್ದರೂ ಒಡೆದು ತುರಿಯುವುದಕ್ಕೆ. ನನಗೆ ಗೊತ್ತಿಲ್ಲದೆ ಏನಿಲ್ಲ. ಆದರೆ ಪ್ರೊಫೆಸರುಗಳಿಗೆ ಜುಟ್ಟಿನ ವಿಚಾರ ಏನು ಗೊತ್ತಾಗುತ್ತದೆ ಎಂದುಕೊಂಡೆ. ಚೀಟಿ ಕಟ್ಟಲು ಜುಟ್ಟಿಲ್ಲದ್ದರಿಂದ ಚಿಪ್ಪಿನ ಮೇಲೆ ಶಾಯಿಯಲ್ಲಿ ನಲವತ್ತು ಎಂದು ಬರೆದು ಮೂಟೆಗೆ ಹಾಕಿದೆ.

ಬಸ್ಸಿನಲ್ಲಿ ಕಂಡಕ್ಟರು ಮೂಟೆಗೆ ಕಾಲಿನಿಂದ ತಟ್ಟಿ, “ಏನ್ ಸಾ ಇದು?” ಎಂದ. ಒಪ್ಪಿಗೆ ಪತ್ರಗಳು ಎಂದೆ. ಅವನು ಇನ್ನೊಮ್ಮೆ ತಟ್ಟಿ ನೋಡಿ, ನನ್ನನ್ನೂ ನೋಡಿ, ಹುಷಾರಾಗಿ ಕೂತ್ಕೊಳ್ಳಿ ಎಂದು ಮೆತ್ತಗೆ ಹೇಳಿ ಮುಂದಕ್ಕೆ ಹೋದ.

ಸಮಿತಿಯ ಅಧ್ಯಕ್ಷರು ತತ್ತ್ವಶಾಸ್ತ್ರದ ಪ್ರಾಧ್ಯಾಪಕರು. ಅವರ ಬಲಗಡೆ ಕಾನೂನಿನ ಪ್ರಾಧ್ಯಾಪಕರು, ಎಡಗಡೆ ನನ್ನ ಗೈಡು. ಮೂಟೆ ಬಿಚ್ಚಿ ಮೇಜಿನ ಮೇಲೆ ಕಾಯಿಗಳನ್ನು ಸಾಲಾಗಿ ಇಡಲು ಅಟೆಂಡರ್ ಸಿದ್ದಪ್ಪ ಬಂದ, ಐವತ್ತರ ಆಸುಪಾಸಿನ ಗಂಭೀರ ಮನುಷ್ಯ. ಕಾನೂನಿನವರು ಮೊದಲು ಕೈಯೆತ್ತಿದರು. ಕಾಗದವಾದರೆ ರಂಧ್ರ ಹೊಡೆದು ಫೈಲಿಗೆ ಹಾಕಬಹುದು, ಇದನ್ನು ಹಾಕುವುದು ಹೇಗೆ? ಅಧ್ಯಕ್ಷರು ಒಂದು ಕಾಯಿಯನ್ನು ತಿರುಗಿಸಿ ನೋಡುತ್ತ, “ರಂಧ್ರಕ್ಕೇನು, ಮೂರು ಕಣ್ಣು ಆಗಲೇ ಇವೆಯಲ್ಲ” ಎಂದರು. ಆಮೇಲೆ ಗಂಭೀರರಾಗಿ, ಒಪ್ಪಿಗೆಯೆಂಬುದು ಮನಸ್ಸಿನಲ್ಲಿರುವಂಥದು, ಕಾಗದ ಅದರ ಗುರುತು ಮಾತ್ರ, ಆ ಜನರಿಗೆ ಕಾಯೇ ಗುರುತಾದರೆ ನಮಗೂ ಅದೇ ಗುರುತು, ಎಂದು ಬಹಳ ಚೆನ್ನಾಗಿ ಮಾತಾಡಿದರು. ಗೈಡು ತಲೆದೂಗಿದರು. ಕಾನೂನಿನವರು ಮಾತ್ರ, ದಾಖಲೆಗಳನ್ನು ಐದು ವರ್ಷ ಬೀರುವಿನಲ್ಲಿಡಬೇಕೆಂಬ ನಿಯಮವಿದೆಯಲ್ಲ ಎಂದರು. ಸಿದ್ದಪ್ಪ ಗೋಡೆಯ ಪಕ್ಕದಿಂದ, “ಸುಲಿದ್ ಕಾಯಿ ಬೀರುನಾಗಿಟ್ರೆ ಎಲ್ಡ್ ತಿಂಗ್ಳೂ ಇರಾಕಿಲ್ಲ ಸಾ, ನಾತ ಬತ್ತದೆ” ಎಂದ. ಹಾಗಾದರೆ ಎಣಿಸಿ, ನಂಬರು ಬರೆದುಕೊಂಡು ಹಿಂದಿರುಗಿಸೋಣ ಎಂದು ಅಧ್ಯಕ್ಷರು ಹೇಳಿದರು. ಸ್ಟಾಫ್ ರೂಮಿನವರ ಮುಖಗಳು ಒಂದೊಂದಾಗಿ ಕಣ್ಮುಂದೆ ಬಂದು ಬಾಡಿಹೋದವು.

ಸಿದ್ದಪ್ಪ ಎಣಿಸುತ್ತ ಬಂದ. ಮೂವತ್ತೊಂಬತ್ತರವರೆಗೆ ಚೀಟಿ ನೋಡಿ ನಂಬರು ಕೂಗಿದ. ನಲವತ್ತನೆಯದನ್ನು ಎತ್ತಿಕೊಂಡವನು ಕೂಗಲಿಲ್ಲ. ನನ್ನ ಮುಖ ನೋಡಿದ, ಕಾಯಿ ನೋಡಿದ. “ತಪ್ ತಿಳ್ಕಬ್ಯಾಡಿ ಸಾ. ನಂದು ಕಂದಿಕೆರೆ, ತೆಂಗಿನ ಸೀಮೆನೇ. ಇವು ಮೂವತ್ತೊಂಬತ್ತೂ ಕೊಟ್ಟಿರೋ ಕಾಯಿ. ಇದು ಕೊಟ್ಟಿರೋದಲ್ಲ. ತಗಂಡಿರೋದು” ಎಂದ.

ಅಂದರೇನೆಂದು ಅಧ್ಯಕ್ಷರು ಕೇಳಿದರು. ಜುಟ್ಟಿನ ವಿಚಾರವನ್ನು ಸಿದ್ದಪ್ಪ ನಿಧಾನವಾಗಿ, ಮಕ್ಕಳಿಗೆ ಹೇಳುವಂತೆ ವಿವರಿಸಿದ. ಮೂವರು ಪ್ರೊಫೆಸರುಗಳೂ ಒಟ್ಟಿಗೆ ನನ್ನ ಕಡೆ ತಿರುಗಿದರು. ನಿಜ ಹೇಳುತ್ತೇನೆ, ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ನಲವತ್ತನೆಯ ಮನೆ ಯಾರದೆಂದು ಗೈಡು ಬಹಳ ಮೆಲ್ಲಗೆ ಕೇಳಿದರು. ನನ್ನದೇ ಎಂದೆ. ಕಾಯಿ ಕೊಟ್ಟವರು ಯಾರು? ಅಡಿಗೆಮನೆಯಲ್ಲಿತ್ತು ಎಂದೆ. ಮನೆಯವರು ಎಲ್ಲಿದ್ದರು? ತುರುವೇಕೆರೆಯಲ್ಲಿ. ಕಾನೂನಿನವರು ಪೆನ್ನಿನ ಮುಚ್ಚಳ ಹಾಕಿ, ಹೆಸರು ತೆಗೆದುಬಿಡುವುದೇ ಸರಿ ಎಂದರು. ಅಧ್ಯಕ್ಷರು ಬೇಡವೆಂದು ಕೈಯಾಡಿಸಿದರು. ಎಂಟು ದಿನ ಸಮಯ ಕೊಡುತ್ತೇನೆ, ನಲವತ್ತನೆಯ ಮನೆಯ ಒಪ್ಪಿಗೆಯನ್ನು ಕ್ರಮವಾಗಿ ಕೇಳಿ, ಕ್ರಮವಾಗಿ ಪಡೆದುಕೊಂಡು ಬನ್ನಿ, ಇಲ್ಲದಿದ್ದರೆ ಮೂವತ್ತೊಂಬತ್ತೂ ಹೋಯಿತೆಂದು ತಿಳಿಯಿರಿ ಎಂದರು. ಮೂಟೆ ಕಟ್ಟಿಕೊಡುವಾಗ ಸಿದ್ದಪ್ಪ, “ಮನೇಲಿ ಅಕ್ಕಾರಿಗೆ ನಿಜ ಹೇಳ್ಬುಡಿ ಸಾ” ಎಂದು ಕಿವಿಯಲ್ಲಿ ಹೇಳಿದ.

ಹೇಳಿದೆ. ಮಂಗಳ ನಾಮಕರಣದಿಂದ ಬಂದು ಕಾಲು ತೊಳೆದುಕೊಳ್ಳುತ್ತಿದ್ದಳು. ಬಯ್ಯುತ್ತಾಳೆಂದುಕೊಂಡಿದ್ದೆ. ಬಯ್ಯಲಿಲ್ಲ. “ಸಾರಿಗೆ ಅಂತ ಇಟ್ಟಿದ್ದೆ ಅದನ್ನ” ಎಂದಳು. ಆಮೇಲೆ ಸೆರಗಿನಿಂದ ಕೈ ಒರೆಸಿಕೊಂಡು, “ಎಲ್ಲಿ ಆ ಪತ್ರ, ಕೊಡಿ ಓದ್ತೀನಿ” ಎಂದಳು. ನನ್ನ ಪಾಂಡಿತ್ಯದ ಆ ವಾಕ್ಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದ ಮೊದಲ ವ್ಯಕ್ತಿ ಅವಳು. ಎರಡು ಸಲ ಓದಿದಳು. “ಒಪ್ಪದೇ ಇದ್ರೆ ಏನೂ ತೊಂದ್ರೆ ಇಲ್ವಾ?” ಇಲ್ಲ ಎಂದೆ. “ಒಪ್ಪಿ ಆಮ್ಯಾಲೆ ಹಿಂದಕ್ ಸರೀಬೋದಾ? ಕಾರಣ ಹೇಳ್ದೇನೆ?” ಹೌದು ಎಂದೆ, ಆದರೆ ಧ್ವನಿ ಸ್ವಲ್ಪ ಸಣ್ಣದಾಯಿತು. “ಇಂಥ ಪತ್ರ ಹನ್ನೊಂದು ವರ್ಷದ ಹಿಂದೆ ಇರ್ಲಿಲ್ವಾ?” ಎಂದಳು.

ನಾನು ನಗುವ ಪ್ರಯತ್ನ ಮಾಡಿದೆ. ಅವಳು ನಗುತ್ತಿರಲಿಲ್ಲ. “ನೀವು ನೋಡಾಕೆ ಬಂದಾಗ ಉಪ್ಪಿಟ್ಟು ತಂದಿಟ್ಟೆ. ನಿಮ್ಮಮ್ಮ ಹಾಡು ಬರ್ತದಾ ಅಂದ್ರು. ನಿಮ್ಮಪ್ಪ ಎಷ್ಟನೇ ಕ್ಲಾಸು ಅಂದ್ರು. ನೀವು ಉಪ್ಪಿಟ್ಟಿಗೆ ಉಪ್ಪು ಕಮ್ಮಿ ಅಂದ್ರಿ. ಒಪ್ಗೆನಾ ಅಂತ ನನ್ನ ಒಬ್ರೂ ಕೇಳ್ಲಿಲ್ಲ. ನಮ್ಮಪ್ಪ ಕಾಯಿ ಕೊಟ್ರು, ನಿಮ್ಮಪ್ಪ ಈಸ್ಕಂಡ್ರು, ಆಯ್ತು.” ಕೇಳಿದ್ದರೆ ಏನಂತಿದ್ದೆ ಎಂದೆ. “ಅದು ಬ್ಯಾರೆ ವಿಷ್ಯ. ಕೇಳ್ಬೇಕಿತ್ತು” ಎಂದು, ಪತ್ರವನ್ನು ನಾಲ್ಕು ಮಡಿಕೆ ಮಾಡಿ ಸಾಸಿವೆ ಡಬ್ಬಿಯ ಕೆಳಗಿಟ್ಟಳು. “ಎಂಟು ದಿನ ಐತಲ್ಲ, ಯೋಚ್ನೆ ಮಾಡಿ ಹೇಳ್ತೀನಿ.”

ಆ ಎಂಟು ದಿನ ನಾನು ಹೇಗಿದ್ದೆನೆಂದು ನಮ್ಮ ಬೀದಿಯವರನ್ನು ಕೇಳಿ. ಬಾವಿಯಿಂದ ನೀರು ಸೇದಿದೆ. ಒರಳಲ್ಲಿ ಹಿಟ್ಟು ರುಬ್ಬಿದೆ. ಎರಡನೆಯ ದಿನ ಸಂಜೆ ಎರಡು ಮೊಳ ಕಾಕಡ ಹೂವು ತಂದುಕೊಟ್ಟರೆ ಮಂಗಳ ಮುಡಿದುಕೊಂಡು, “ಆಮಿಷ ಒಡ್ಡಬಾರ್ದು ಅಂತ ಬರ್ದೈತೆ” ಎಂದಳು. ನಾಲ್ಕನೆಯ ದಿನ ಊಟ ಬಿಟ್ಟು ನಿಟ್ಟುಸಿರು ಹಾಕಿದರೆ, “ಒತ್ತಡ ಹೇರಬಾರ್ದು ಅಂತ್ಲೂ ಬರ್ದೈತೆ” ಎಂದು ನನ್ನ ಪಾಲಿನ ಮುದ್ದೆಯನ್ನು ಎತ್ತಿಟ್ಟಳು. ನನ್ನ ಕನ್ನಡ ಅಷ್ಟು ಸ್ಪಷ್ಟವಾಗಿದೆಯೆಂದು ನನಗೇ ಗೊತ್ತಿರಲಿಲ್ಲ. ಆರನೆಯ ದಿನ ನನಗೆ ಭಯವಾಗತೊಡಗಿತು. ಪಿಎಚ್.ಡಿ. ಹೋಗುತ್ತದೆಂಬ ಭಯ ಇತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅದಕ್ಕಿಂತ ಬೇರೆಯದೊಂದು ಭಯ. ಇವಳು ನಿಜವಾಗಿಯೂ ಯೋಚಿಸುತ್ತಿದ್ದಾಳೆ. ಹನ್ನೊಂದು ವರ್ಷದಲ್ಲಿ ಇವಳು ಯೋಚಿಸಬಹುದೆಂದು ನಾನು ಯೋಚಿಸಿರಲೇ ಇಲ್ಲ.

ಎಂಟನೆಯ ದಿನ ಬೆಳಿಗ್ಗೆ ಕಾಯಿಯಿಲ್ಲದೆ, ಹಾಳೆಗಳ ಚೀಲ ಮಾತ್ರ ಹಿಡಿದು ಬಸ್ಸಿಗೆ ಹೊರಟೆ. ಹೋಗಿ ತಪ್ಪಾಯಿತೆಂದು ಹೇಳಿ, ಹೆಸರು ಹೊಡೆಸಿಕೊಂಡು ಬರುವುದೆಂದು ತೀರ್ಮಾನಿಸಿದ್ದೆ. ಚಪ್ಪಲಿ ಮೆಟ್ಟುತ್ತಿದ್ದಾಗ ಹಿಂದಿನಿಂದ “ಏನ್ರೀ, ನಿಂತ್ಕಳಿ” ಎಂದು ಕೇಳಿಸಿತು. ತಲೆಗೆ ಸ್ನಾನ ಮಾಡಿ, ಇಸ್ತ್ರಿ ಸೀರೆಯುಟ್ಟು ನಿಂತಿದ್ದಳು. ಕೈಯಲ್ಲಿ ಎರಡು ವೀಳ್ಯದೆಲೆ, ಬಟ್ಟಲಡಿಕೆ, ಮತ್ತು ತೆಂಗಿನಕಾಯಿ. ಸೊಂಪಾದ ಜುಟ್ಟು. ಜುಟ್ಟಿಗೆ ಅವಳೇ ದಾರ ಕಟ್ಟಿ, ಅವಳದೇ ಅಕ್ಷರದಲ್ಲಿ ನಲವತ್ತು ಎಂದು ಬರೆದ ಚೀಟಿ. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. ಕಣ್ಣಲ್ಲಿ ನೀರು ಬಂತು, ಅವಳಿಗೆ ಕಾಣದಿರಲೆಂದು ಚೀಲದೊಳಗೆ ತಲೆ ಹಾಕಿ ಆ ನಲವತ್ತನೆಯ ಹಾಳೆಯನ್ನು ಹುಡುಕಿದೆ.

“ಇದ್ರಲ್ಲಿ ಕೊನೇ ಮಾತು ಗಂಡಂದು ಅಂತ ಗುರುತು ಹಾಕಿದೀನಿ ಮಂಗಳಾ. ಅದನ್ನ ಹೊಡೆದು ನಿನ್ನ ಹೆಸರಿಗೆ ಹಾಕ್ತೀನಿ” ಎಂದು ಪೆನ್ನು ತೆಗೆದೆ. ಅಷ್ಟಾದರೂ ಪ್ರಾಮಾಣಿಕತೆ ತೋರಿಸಬೇಕೆನಿಸಿತ್ತು.

“ಏನೂ ಬ್ಯಾಡ” ಎಂದಳು. “ಗಂಡ ಅಂತ್ಲೇ ಇರ್ಲಿ ಬುಡಿ. ನಾನು ಒಪ್ಗೆ ಕೊಟ್ಟಿದೀನಲ್ಲ.”

ಬಸ್ಸಿನಲ್ಲಿ ಕಾಯಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಆ ಮಾತು ತಲೆಯೊಳಗೆ ತಿರುಗುತ್ತಲೇ ಇತ್ತು. ದೊಡ್ಡಪ್ಪ ಎಲೆ ಕೆಳಗಿಟ್ಟು ಎದ್ದು ಹೋದದ್ದು, ಒಂಬತ್ತನೆಯ ಮನೆಯ ಮೀಸೆ ಬಚ್ಚಲ ಬಾಗಿಲಲ್ಲಿ ಕಾದದ್ದು, ನಲವತ್ತೇಳು ಜಗುಲಿಗಳಲ್ಲಿ ನಾನು ಗಡಿಯಾರ ನೋಡುತ್ತ ಸಿಡಿಮಿಡಿಗೊಂಡದ್ದು, ಎಲ್ಲ ಸಾಲಾಗಿ ಬಂದವು. ನನ್ನ ಸಂಶೋಧನೆಯ ಉತ್ತರ ಪ್ರತಿ ಮನೆಯಲ್ಲೂ ನನ್ನ ಮುಂದೆಯೇ ಎದ್ದು ಒಳಗೆ ಹೋಗುತ್ತಿತ್ತು, ನಾನು ಹೊರಗೆ ಕೂತು ಕಾಫಿ ಕುಡಿಯುತ್ತಿದ್ದೆ. ಇದನ್ನು ಪ್ರಬಂಧದಲ್ಲಿ ಬರೆಯಲೇ ಎಂದು ಗೈಡನ್ನು ಕೇಳಿದೆ. ಅದನ್ನು ಗಮನಿಸಿ ಬರೆಯಲು ನೀವು ಅವರ ಒಪ್ಪಿಗೆ ಪಡೆದಿಲ್ಲವಲ್ಲ ಎಂದರು. ಹೀಗಾಗಿ, ನನಗೆ ಡಾಕ್ಟರೇಟ್ ತಂದುಕೊಟ್ಟ ಪ್ರಬಂಧದ ಪ್ರಕಾರ ನಮ್ಮ ಸೀಮೆಯ ನಲವತ್ತು ಮನೆಗಳಲ್ಲಿ ನಲವತ್ತರಲ್ಲೂ ಕೊನೆಯ ಮಾತು ಗಂಡಂದೇ.

ಇಷ್ಟು ವರ್ಷದ ಮೇಲೆ ಇದನ್ನೆಲ್ಲ ಬರೆಯಬೇಕೆನಿಸಿತು. ಬರೆದು ಮುಗಿಸಿ, ಬುದ್ಧಿ ಬಂದಿದೆಯೆಂದು ತೋರಿಸಲು, ಅಚ್ಚಿಗೆ ಕಳಿಸುವ ಮುಂಚೆ ಮಂಗಳನ ಕೈಗೆ ಕೊಟ್ಟು, “ನಿನ್ನ ವಿಷಯ ಇದೆ, ಒಪ್ಪಿಗೆ ಇದ್ದರೆ ಹೇಳು” ಎಂದೆ. ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಉಪ್ಪಿಟ್ಟಿನ ಹತ್ತಿರ ಒಮ್ಮೆ ನಿಂತಂತೆ ಕಂಡಿತು. ಎದ್ದು ಅಡಿಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಒಂದು ತೆಂಗಿನಕಾಯಿ ಹಿಡಿದು ಬಂದಳು. ನಾನು ಎದ್ದು ನಿಂತು ಎರಡೂ ಕೈ ಚಾಚಿದೆ.

ಜುಟ್ಟಿರಲಿಲ್ಲ.

“ತುರ್ದು ಕೊಡಿ,” ಎಂದಳು, “ಚಟ್ನಿಗೆ.”